ಸ್ಪ್ಯಾನಿಷ್ ಪದ್ಯಕ್ಕೆ ಬೆಳ್ಳೂರಿನ ಅರ್ಥ

ನನಗೊಂದು ಕೆಟ್ಟ ಚಾಳಿಯಿದೆ. ಪದ್ಯದ ಒಂದು ಸಾಲು ಕಣ್ಣಿಗೆ ಬಿದ್ದರೆ ಸಾಕು, "ಅಂದರೆ..." ಎಂದು ಶುರು ಮಾಡಿಬಿಡುತ್ತೇನೆ. ಎದುರಿಗೆ ಮನುಷ್ಯರೇ ಇರಬೇಕೆಂದಿಲ್ಲ, ಬೆಕ್ಕಿದ್ದರೂ ನಡೆಯುತ್ತದೆ. ಮೊನ್ನೆ ಬೆಳಿಗ್ಗೆ ನನ್ನ ಗಂಡ ಫೆಲಿಕ್ಸ್ ಅಂಗಳದ ನಲ್ಲಿಯ ಬುಡದಲ್ಲಿ ಕೂತು ಬಂಗುಡೆ ಶುಚಿ ಮಾಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ಕವಿಯೊಬ್ಬ ತನ್ನೂರಿನ ನದಿಯನ್ನು, ಶಾಲೆಯಿಂದ ತಡವಾಗಿ ಬಂದ ಮಗಳನ್ನು ಗದರಿಸುವ ಹಾಗೆ ಗದರಿಸುವ ಪದ್ಯ ಅದು. ಓದಿ ಮುಗಿಸಿ, "ಅಂದರೆ ಎಂತ ಗೊತ್ತುಂಟಾ?" ಎಂದೆ. ಅವರು ಮೀನಿನಿಂದ ತಲೆಯೆತ್ತದೆ, "ನೀನು ಅರ್ಥ ಹೇಳಿ ಮುಗಿಸುವಾಗ ಈ ಬಂಗುಡೆ ಈಜಿಕೊಂಡು ವಾಪಸ್ಸು ಕಡಲಿಗೆ ಹೋಗಿರ್ತದೆ ಮಾರಾಯ್ತಿ" ಎಂದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಬೆಕ್ಕಿನ ಕಡೆ ತಿರುಗಿ ಹೇಳಿ ಮುಗಿಸಿದೆ. ಅದು ಬಂಗುಡೆಯ ಆಸೆಗೆ ಕೊನೆಯವರೆಗೂ ಕೂತು ಕೇಳಿತು.

ಪುಸ್ತಕದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಬೆಳ್ಳೂರಿನ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮನೆ ಕುಂಬಳೆ. ಊರಿಗೆಲ್ಲ ಲಿಲ್ಲಿ ಟೀಚರ್. ಹೋದ ವರ್ಷ ನಾಯ್ಮಾರ್ಮೂಲೆಯಲ್ಲಿರುವ ನನ್ನ ತಂಗಿ ಮನೆ ಬದಲಿಸುವಾಗ, ಅವಳ ಹಳೆಯ ಪೇಪರುಗಳನ್ನು ಗುಜರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಗುಜರಿ ಅಂಗಡಿಯ ಹಮೀದಿಚ್ಚ ಪೇಪರು ತೂಗುತ್ತಿದ್ದಾಗ, ಒಡೆದ ಬಕೆಟ್ಟಿನ ಮೇಲೆ ಬೋರಲು ಬಿದ್ದಿದ್ದ ಒಂದು ಪುಸ್ತಕ ಕಂಡಿತು. ರಕ್ಷಾಪುಟ ಇಲ್ಲ, ಬೆನ್ನಿಲ್ಲ. ಬಿಡಿಸಿದರೆ ಎಡಗಡೆಯ ಪುಟದಲ್ಲಿ ಯಾವುದೋ ಭಾಷೆ, ಬಲಗಡೆಯ ಪುಟದಲ್ಲಿ ಇಂಗ್ಲಿಷ್. ಎಲ್ಲ ಪುಟಗಳಲ್ಲೂ ಪದ್ಯದ ಗಿಡ್ಡ ಸಾಲುಗಳು. ಪ್ರಶ್ನಾರ್ಥಕ ಚಿಹ್ನೆ ವಾಕ್ಯದ ಕೊನೆಯಲ್ಲಿರುವುದು ಸಾಲದೆಂದು ಮೊದಲಲ್ಲೂ ಒಂದು ತಲೆಕೆಳಗಾಗಿ ನಿಂತಿತ್ತು. ಪ್ರಶ್ನೆ ಬರುತ್ತಿದೆ ಎಂದು ಮುಂಚೆಯೇ ಎಚ್ಚರಿಕೆ ಕೊಡುವ ಇಂಥ ಸಭ್ಯ ಭಾಷೆಯನ್ನು ನಾನು ಕಂಡೇ ಇರಲಿಲ್ಲ. ಎಷ್ಟು ಕೊಡಬೇಕು ಎಂದು ಕೇಳಿದೆ. "ಅದು ತೂಕಕ್ಕೂ ಬರುದಿಲ್ಲ ಟೀಚರೇ, ಅರ್ಧ ಹಲಸಿನ ಮೇಣವೇ ಉಂಟು. ಹಾಗೇ ಕೊಂಡೋಗಿ" ಎಂದರು ಹಮೀದಿಚ್ಚ.

ಅವರು ಹೇಳಿದ್ದು ನಿಜ. ಭಾಷೆ ಸ್ಪ್ಯಾನಿಷ್ ಎಂದು ಮುನ್ನುಡಿಯಿಂದ ತಿಳಿಯಿತು. ಯಾರೋ ಪುಣ್ಯಾತ್ಮ ಹಲಸಿನ ಹಣ್ಣು ಬಿಡಿಸುತ್ತ ಸ್ಪ್ಯಾನಿಷ್ ಕಾವ್ಯ ಓದಿದ್ದಾನೆ. ಅವನು ಯಾರು ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ, ಆದರೆ ಅವನ ಮೇಲೆ ನನಗೆ ತುಂಬ ಪ್ರೀತಿ. ನಡುವಿನ ಎರಡು ಹಾಳೆಗಳು ಮೇಣ ಹಿಡಿದು ಒಂದೇ ಆಗಿಬಿಟ್ಟಿದ್ದವು. ಚಿಕ್ಕಂದಿನಲ್ಲಿ ನಮ್ಮ ಕೈಗೆ, ತಲೆಗೂದಲಿಗೆ ಮೇಣ ಹಿಡಿದರೆ ಅಮ್ಮ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದರು, ಬೈಗುಳ ಪ್ರತ್ಯೇಕ. ನಾನೂ ಹತ್ತಿಗೆ ತೆಂಗಿನೆಣ್ಣೆ ಅದ್ದಿ, ಬೈಗುಳ ಬಿಟ್ಟು, ಒಂದು ಮಧ್ಯಾಹ್ನವೆಲ್ಲ ಕೂತು ಆ ಹಾಳೆಗಳನ್ನು ಬಿಡಿಸಿದೆ. ಬಿಟ್ಟುಕೊಂಡವು. ಆದರೆ ಎಣ್ಣೆ ಕುಡಿದ ಕಾಗದ ಗಾಜಿನ ಹಾಗಾಯಿತು. ಇಂಗ್ಲಿಷ್ ಸಾಲುಗಳ ಹಿಂದಿನಿಂದ ಬೆನ್ನಿನ ಪುಟದ ಸ್ಪ್ಯಾನಿಷ್ ಅಕ್ಷರಗಳು ಬಲದಿಂದ ಎಡಕ್ಕೆ ತಿರುಗಿಕೊಂಡು ಇಣುಕಿದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ನನಗೆ ರೋಮಾಂಚನವಾಯಿತು. ಅಡಿಗೆ ಮನೆಯಲ್ಲಿ ಸಾರು ಉಕ್ಕಿ ಒಲೆ ಆರಿಹೋದದ್ದೂ ಗೊತ್ತಾಗಲಿಲ್ಲ.

ಅಲ್ಲಿಂದ ನನ್ನ ಹುಚ್ಚು ಶುರುವಾಯಿತು. ಎಂಥೆಂಥ ಪದ್ಯಗಳು ಅಂತೀರಿ. ಒಬ್ಬ ಕವಿ ತನ್ನ ಸವೆದ ಚಪ್ಪಲಿಗೆ ಕ್ಷಮೆ ಕೇಳುತ್ತಾನೆ. ಇನ್ನೊಬ್ಬಳು ಜೇಬಿನಲ್ಲಿ ಏನೇನು ಸಿಕ್ಕಿತು ಎಂದು ಪಟ್ಟಿ ಮಾಡುತ್ತ ಹೋಗಿ, ಕೊನೆಗೆ ಜೇಬೇ ತನ್ನದಲ್ಲ ಎನ್ನುತ್ತಾಳೆ. ಮತ್ತೊಬ್ಬನಿಗೆ ಪೂರ್ಣವಿರಾಮವೆಂದರೆ ಆಗುವುದಿಲ್ಲ, ಇಡೀ ಪದ್ಯ ಬ್ರೇಕಿಲ್ಲದ ಸೈಕಲ್ಲಿನಂತೆ ಇಳಿಜಾರಿನಲ್ಲಿ ಹೋಗುತ್ತದೆ. ಅದನ್ನು ಬಸ್ಸಿನಲ್ಲಿ ಓದುತ್ತ ನಾನು ಇಳಿಯಬೇಕಾದ ಸ್ಟಾಪನ್ನು ಎರಡು ಸಲ ಬಿಟ್ಟಿದ್ದೇನೆ. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ಸರ್ವಿಸ್ ರಸ್ತೆಯಲ್ಲಿ ಬಸ್ಸುಗಳು ಗಂಟೆಗಟ್ಟಲೆ ನಿಂತು ಎಲ್ಲರೂ ಶಾಪ ಹಾಕುತ್ತಿದ್ದರೆ, ನನಗೆ ಮಾತ್ರ ಇನ್ನು ನಾಲ್ಕು ಪದ್ಯಕ್ಕೆ ಸಮಯ ಸಿಕ್ಕಿತೆಂದು ಸಂತೋಷ.

ಇಂಗ್ಲಿಷಿನಲ್ಲಿ ಓದಿದರೆ ಅಸಲು ರುಚಿ ಸಿಕ್ಕೀತೇ ಎಂದು ತಿಳಿದವರು ಕೇಳುತ್ತಾರೆ. ಸಿಕ್ಕಲಿಕ್ಕಿಲ್ಲ. ನನ್ನ ಇಂಗ್ಲಿಷ್ ಕೂಡ ಗಣಿತದ ಪುಸ್ತಕದಲ್ಲಿ ಬೆಳೆದದ್ದು. 'ಆದ್ದರಿಂದ', 'ಎಂದಿಟ್ಟುಕೊಳ್ಳೋಣ' ಎಂಬ ಮಾತುಗಳಿಗೆ ಬೇಕಾದಷ್ಟು ಇಂಗ್ಲಿಷ್ ಶಬ್ದ ಗೊತ್ತು, ವಿರಹಕ್ಕೆ ಗೊತ್ತಿಲ್ಲ. ಆದರೆ ನನಗನಿಸುವುದು ಹೀಗೆ: ಇಂಗ್ಲಿಷ್ ನನಗೂ ನೆಂಟರ ಮನೆ, ಆ ಕವಿಗೂ ನೆಂಟರ ಮನೆ. ಇಬ್ಬರೂ ಅಲ್ಲಿ ಸ್ವಲ್ಪ ಸಂಕೋಚದಿಂದಲೇ ಕೂತಿರುತ್ತೇವೆ, ಹಾಗಾಗಿ ಬೇಗ ಪರಿಚಯವಾಗುತ್ತದೆ. ಒಮ್ಮೊಮ್ಮೆ ಎಡಗಡೆಯ ಪುಟದಲ್ಲೂ ಗುರುತಿನವರು ಸಿಗುತ್ತಾರೆ. ಸ್ಪ್ಯಾನಿಷಿನಲ್ಲಿ ಮೇಜಿಗೆ 'ಮೇಸ'. ನಮ್ಮ ಮನೆಯ ಕೊಂಕಣಿಯಲ್ಲಿ ಮೇಜ್, ಪಕ್ಕದ ಮನೆಯ ಮಲಯಾಳದಲ್ಲಿ ಮೇಶ. ಇವರೆಲ್ಲ ನಿಜವಾಗಿ ಒಂದೇ ಮನೆತನದವರೋ ಅಲ್ಲವೋ ಎಂದು ಪಂಡಿತರು ಜಗಳಾಡಿಕೊಳ್ಳಲಿ. ನಾನಂತೂ ಆ ದಿನ ಊಟದ ಮೇಜನ್ನು ಒಂದು ಸಲ ಸವರಿ, "ಏನಮ್ಮ, ಎಷ್ಟು ದೂರದಲ್ಲೆಲ್ಲ ನೆಂಟರಿದ್ದಾರೆ ನಿನಗೆ" ಎಂದೆ. ಫೆಲಿಕ್ಸ್ ಚಹಾ ಲೋಟ ಎತ್ತಿಕೊಂಡು ಜಗಲಿಗೆ ಹೋದರು.

ಇನ್ನು ಈ ಅರ್ಥ ಹೇಳುವ ಚಾಳಿ. ಅದಕ್ಕೆ ಕಾರಣ ನಾನಲ್ಲ, ಶಾರದಕ್ಕ. ನಾನು ಬೆಳ್ಳೂರಿನ ಶಾಲೆಗೆ ಸೇರಿದಾಗ ಅವರು ಅಲ್ಲಿ ಕನ್ನಡ ಕಲಿಸುತ್ತಿದ್ದರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಬಿಡುವಿನ ವೇಳೆಯಲ್ಲಿ ಹೆಂಗಸರ ಒಂದು ತಾಳಮದ್ದಳೆ ತಂಡ ಕಟ್ಟಿದ್ದರು. ತಾಳಮದ್ದಳೆ ಎಂದರೆ, ಯಕ್ಷಗಾನದಿಂದ ವೇಷ ಮತ್ತು ಕುಣಿತ ತೆಗೆದರೆ ಉಳಿಯುವುದು. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ. ಪಾತ್ರ ವಹಿಸಿದ ಅರ್ಥಧಾರಿ ಉಟ್ಟ ಬಟ್ಟೆಯಲ್ಲೇ ಕೂತು, ಆ ಪಾತ್ರವೇ ತಾನಾಗಿ, ಪದ್ಯದ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳುತ್ತ ಹೋಗಬೇಕು. ಬರೆದುಕೊಟ್ಟ ಮಾತು ಒಂದೂ ಇಲ್ಲ. ಎದುರು ಪಾತ್ರ ಕೊಂಕು ತೆಗೆದರೆ ಅಲ್ಲೇ ಉತ್ತರ ಹುಟ್ಟಬೇಕು. ನಾಲ್ಕು ಸಾಲಿಗೆ ಅರ್ಧ ಗಂಟೆ ಮಾತಾಡುವುದು ನಮ್ಮಲ್ಲಿ ಸಾಮಾನ್ಯ. ಶಾರದಕ್ಕ ರಾಣಿಯ ಪಾತ್ರ ಹಿಡಿದರೆಂದರೆ ಎದುರಿಗಿದ್ದ ರಾಜ ಗಂಟಲು ಸರಿಮಾಡಿಕೊಂಡು ನೀರು ಕೇಳುತ್ತಿದ್ದ.

ಒಂದು ದಿನ ದೂತಿಯ ಪಾತ್ರಕ್ಕೆ ಜನ ಸಾಲಲಿಲ್ಲ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನ ಮುಂದೆ ಶಾರದಕ್ಕ ಬಂದು ನಿಂತರು. "ಲಿಲ್ಲಿ, ಎರಡು ಮಾತು ಉಂಟು. 'ಶತ್ರುಗಳು ಬಂದರು' ಅಂತ ಹೇಳುದು, ಹೋಗುದು. ನಿನ್ನಿಂದ ಆಗ್ತದೆ." ನಾನು ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ ಬೈಬಲ್ ವಾಚನ ಓದಿದವಳು, ಎರಡು ಮಾತಿಗೆ ಹೆದರುವವಳೇ? ಹೋಗಿ ಕೂತೆ. ಪದ್ಯ ಮುಗಿಯಿತು, ನಾನು ಬಾಯಿ ತೆರೆದೆ. ಶತ್ರುಗಳು ಯಾವ ದಾರಿಯಿಂದ ಬಂದರು, ಅವರ ಕುದುರೆಗಳ ಬಣ್ಣ ಯಾವುದು, ಅದನ್ನು ಕಂಡಾಗ ನಾನು ಬಾವಿಕಟ್ಟೆಯಲ್ಲಿ ಏನು ಮಾಡುತ್ತಿದ್ದೆ, ಎಲ್ಲ ಹೇಳಿದೆ. ಕಾಲು ಗಂಟೆಯಾದ ಮೇಲೆ ರಾಣಿಯಾಗಿದ್ದ ಶಾರದಕ್ಕ, "ದೂತಿ, ನೀನು ಹೀಗೆಯೇ ಹೇಳ್ತಾ ಇದ್ದರೆ ಶತ್ರುಗಳು ಗೆದ್ದು ಊರಿಗೆ ವಾಪಸ್ಸು ಹೋಗಿಯಾರು" ಎಂದರು. ಸಭೆಯೆಲ್ಲ ನಕ್ಕಿತು. ಅಂದಿನಿಂದ ನಾನು ತಂಡದಲ್ಲಿ ಖಾಯಂ.

ಅಂಥ ಶಾರದಕ್ಕನಿಗೆ ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಕೈಕಾಲು ಎರಡೇ ತಿಂಗಳಿಗೆ ಸರಿಹೋಯಿತು. ಮಾತು ಮಾತ್ರ ಬರಲಿಲ್ಲ. ಎಲ್ಲ ತಿಳಿಯುತ್ತದೆ, ಓದುತ್ತಾರೆ, ಆದರೆ ಹೇಳಹೊರಟ ಶಬ್ದ ನಾಲಿಗೆಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗುತ್ತದೆ. ನಾಲ್ಕು ಜನರ ನಡುವೆ ಕೂತರೆ ಮೆಲ್ಲಗೆ ಬಂದೀತು, ಒಬ್ಬರೇ ಕೂತರೆ ಉಳಿದದ್ದೂ ಹೋದೀತು ಎಂದು ವೈದ್ಯರು ಹೇಳಿದ್ದರು. ಶಾರದಕ್ಕನಾದರೋ ಮನೆಯ ಹೊಸ್ತಿಲು ದಾಟಲಿಲ್ಲ. ಮಾತಿನಿಂದಲೇ ಹೆಸರಾದವರಿಗೆ ತೊದಲುವುದನ್ನು ಜನ ಕೇಳುವುದು ಬೇಡವಾಗಿತ್ತು.

ನಾನು ಮೂರು ಸಲ ಹೋದೆ. ಹೋಗಿ ಏನು ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅವರು "ನೀ..." ಎಂದರೆ ನಾನು "ನೀರು ಬೇಕಾ?" ಎಂದೆ. "ಮೊ..." ಎಂದರೆ "ಮೊಮ್ಮಗಳಾ, ಮೊಸರಾ, ಮೊನ್ನೆಯದ್ದಾ?" ಎಂದು ಪ್ರಶ್ನೆಪತ್ರಿಕೆಯಲ್ಲಿ ಕೊಡುವಂತೆ ಉತ್ತರಗಳ ಸಾಲು ಕೊಟ್ಟೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಮೂರನೆಯ ಸಲ ಅವರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಸೊಸೆ ವಿನಯಾ ನನ್ನನ್ನು ಗೇಟಿನವರೆಗೆ ಬಿಟ್ಟು, "ಟೀಚರ್, ಅತ್ತೆಗೆ ಈಗ ಯಾರೂ ಬರುದು ಬೇಡ ಅಂತ ಕಾಣ್ತದೆ" ಎಂದಳು. ಆ ದಿನ ಬಸ್ಸಿನಲ್ಲಿ ನಾನು ಏನನ್ನೂ ಓದಲಿಲ್ಲ.

ಆಮೇಲೆಯೇ ಮೇಣ ಹಿಡಿದಿದ್ದ ಪುಟದ ಒಂದು ಪದ್ಯವನ್ನು ನಾನು ಸರಿಯಾಗಿ ನೋಡಿದ್ದು. ದೂರದ ಯಾವುದೋ ದೇಶದ ಒಬ್ಬ ಹೆಂಗಸು ಬರೆದದ್ದು, ಎಂಟೇ ಸಾಲು. ಹೆಂಗಸೊಬ್ಬಳು ಮೇಜಿನ ಮೇಲೆ ಊಟದ ತಟ್ಟೆಗಳನ್ನು ಇಡುತ್ತಾಳೆ. ಹಳೆಯ ಲೆಕ್ಕ ಹಿಡಿದು ಇಟ್ಟದ್ದರಿಂದ ಒಂದು ತಟ್ಟೆ ಹೆಚ್ಚಾಗಿಬಿಡುತ್ತದೆ. ತೆಗೆದಿಡಲು ಕೈ ಹೋಗುತ್ತದೆ, ತೆಗೆಯುವುದಿಲ್ಲ. ರೊಟ್ಟಿ ಮುರಿದು ಎಲ್ಲ ತಟ್ಟೆಗಳಿಗೂ ಇಡುತ್ತಾಳೆ, ಅದಕ್ಕೂ ಇಡುತ್ತಾಳೆ. ಕಿಟಕಿಯಿಂದ ಗಾಳಿ ಬರುತ್ತದೆ. ಅಷ್ಟೇ. ಯಾರು ಸತ್ತರು, ಯಾರು ಊರು ಬಿಟ್ಟರು, ಒಂದೂ ಇಲ್ಲ. ದೇವರಿಲ್ಲ, ರಾಜನಿಲ್ಲ, ಎದುರು ವಾದಿಸಲು ಯಾರೂ ಇಲ್ಲ. ಆದರೂ ನಾನು ಮತ್ತೆ ಮತ್ತೆ ಮೊದಲಿನಿಂದ ಓದಿದೆ. ಇಷ್ಟು ಕಡಿಮೆ ಮಾತಿನಲ್ಲೂ ಆಗುತ್ತದೆ ಎಂದು ಶಾರದಕ್ಕನಿಗೆ ತೋರಿಸಬೇಕು, ಇದು ಅವರ ಕಿವಿಗೆ ಬಿದ್ದರೆ ಎದ್ದು ಬಂದಾರು ಎಂದು ಮನಸ್ಸಿಗೆ ಬಂದದ್ದೇ ತಡ, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ವಾರ ಕೂತು ಅದನ್ನು ಕನ್ನಡಕ್ಕೆ ತಂದೆ. ಎಂಟು ಸಾಲಿಗೆ ಒಂದು ನೋಟ್‌ಬುಕ್ ಮುಗಿಯಿತು.

ಜೂನ್ ತಿಂಗಳಲ್ಲಿ ಬೆಳ್ಳೂರಿನ ನಮ್ಮ ಗ್ರಂಥಾಲಯದಲ್ಲಿ ಓದುವ ವಾರ ನಡೆಯುತ್ತದೆ. ಒಬ್ಬೊಬ್ಬರು ತಾವು ಮೆಚ್ಚಿದ ಒಂದನ್ನು ಓದಿ ಐದು ನಿಮಿಷ ಮಾತಾಡಬೇಕು. ನಮ್ಮ ತಂಡದ ಅಭ್ಯಾಸವೂ ಅಲ್ಲೇ ನಡೆಯುವುದರಿಂದ ಎಲ್ಲರೂ ಬರುವವರೇ. ನಾನು ವಿನಯಾಳಿಗೆ ಫೋನು ಮಾಡಿ, "ಮಾತಾಡ್ಬೇಕು ಅಂತ ಇಲ್ಲ ಅಂತ ಹೇಳು. ಬಾಗಿಲ ಹತ್ತಿರ ಕೂತು ಕೇಳಿದರೆ ಸಾಕು. ಎಂಟು ಸಾಲು, ಎದ್ದು ಹೋಗ್ಲಿ ಬೇಕಾದರೆ" ಎಂದೆ. ಅವಳು ಏನೂ ಭರವಸೆ ಕೊಡಲಿಲ್ಲ.

ಈ ಸಲ ನನ್ನ ಓದು ಇದ್ದ ಮಧ್ಯಾಹ್ನ ಮಳೆ. ನನ್ನ ಸರದಿ ಬರುವ ಹೊತ್ತಿಗೆ ಬಾಗಿಲಲ್ಲಿ ಒಂದು ಕೊಡೆ ಮಡಚಿಕೊಂಡಿತು. ಹಿಂದೆ ಶಾರದಕ್ಕ. ತೆಳ್ಳಗಾಗಿದ್ದರು. ಯಾರ ಮುಖವನ್ನೂ ನೋಡದೆ ಕೊನೆಯ ಕುರ್ಚಿಯಲ್ಲಿ ಕೂತರು. ಪುಸ್ತಕ ಹಿಡಿದು ಎದ್ದೆ. ಗ್ರಂಥಾಲಯದ ಕಾರ್ಯದರ್ಶಿಗಳು ಕೈಗಡಿಯಾರ ತೋರಿಸಿ ಐದು ಬೆರಳು ಎತ್ತಿದರು.

ತಪ್ಪು ಆಗಿದ್ದು ಇಲ್ಲಿ. ನಮ್ಮ ತಂಡದ ಭಾಗವತಳು ಜಯಶ್ರೀ ಮುಂದಿನ ಸಾಲಿನಲ್ಲಿದ್ದಳು. ನಾನು ಎದ್ದದ್ದನ್ನು ಕಂಡು, ಅಭ್ಯಾಸಬಲದಿಂದ, ಕೈಚೀಲದಲ್ಲಿದ್ದ ಶ್ರುತಿ ಪೆಟ್ಟಿಗೆಯ ಗುಂಡಿ ಒತ್ತಿದಳು. ಆ 'ಸಾ' ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿದ್ದ ಅರ್ಥಧಾರಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ಆಹಾ, ಏನಿದು, ಇಂದೇಕೆ ಈ ತಟ್ಟೆ ನನ್ನನ್ನು ದಿಟ್ಟಿಸಿ ನೋಡುತ್ತಿದೆ" ಎಂದು ಶುರು ಮಾಡಿದೆ. ಮತ್ತೆ ನಿಲ್ಲಲಿಲ್ಲ. ತಟ್ಟೆಯ ಜೊತೆ ವಾದ ಮಾಡಿದೆ. ಆ ಹೆಂಗಸಿಗೊಬ್ಬ ಗಂಡನನ್ನು ಹುಟ್ಟಿಸಿದೆ, ಅವನನ್ನು ಹಡಗು ಹತ್ತಿಸಿದೆ, ಬಿರುಗಾಳಿ ಎಬ್ಬಿಸಿದೆ. ಅವಳ ಅತ್ತೆ ಬಂದು ತಟ್ಟೆ ತೆಗೆ ಎಂದಳು, ಅತ್ತೆಗೆ ಧರ್ಮಸೂಕ್ಷ್ಮ ಬೋಧಿಸಿದೆ. ರೊಟ್ಟಿಯ ಮಹಿಮೆ ಹೇಳುವಾಗ ಇಗರ್ಜಿಯಲ್ಲಿ ಪಾದ್ರಿಗಳು ಕೊಡುವ ಪ್ರಸಂಗವೂ ಒಂದಿಷ್ಟು ಸೇರಿತು. ಕಾರ್ಯದರ್ಶಿಗಳ ಐದು ಬೆರಳುಗಳು ಮೊದಲು ಮುಷ್ಟಿಯಾಗಿ, ಆಮೇಲೆ ಕೆನ್ನೆಗೆ ಊರಿಕೊಂಡು ಕೂತವು. ನಲವತ್ತು ನಿಮಿಷ. ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು, ಒಬ್ಬರು ಕಣ್ಣೊರೆಸಿಕೊಂಡರು. ನಾನು ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಕೊನೆಯ ಕುರ್ಚಿಯ ಕಡೆ ನೋಡಿದೆ.

ಶಾರದಕ್ಕ ಕೈಯೆತ್ತಿದ್ದರು. ಚಪ್ಪಾಳೆ ತಾನಾಗಿ ನಿಂತಿತು.

"ಪದ್ಯ..." ಎಂದರು.

ನನ್ನ ಬಾಯಿಗೆ ತಕ್ಷಣ ನಾಲ್ಕು ಮಾತುಗಳು ನುಗ್ಗಿ ಬಂದವು: ಪದ್ಯ ಯಾರದ್ದು ಅಂತಲಾ, ಪದ್ಯ ಇಷ್ಟವಾಯಿತಾ. ಹೇಗೋ ತುಟಿ ಕಚ್ಚಿ ಹಿಡಿದೆ. ಅವರ ಕುತ್ತಿಗೆಯ ನರ ಉಬ್ಬಿತು. ಪಕ್ಕದಲ್ಲಿದ್ದ ವಿನಯಾ ಅತ್ತೆಯ ಕೈ ಹಿಡಿದುಕೊಂಡಳು.

"ಪದ್ಯ... ಎಲ್ಲಿ?"

ಪುಸ್ತಕವೂ ನೋಟ್‌ಬುಕ್ಕೂ ನನ್ನ ಕೈಯಲ್ಲಿ ಮುಚ್ಚಿದಂತೆಯೇ ಇದ್ದವು. ನಾನು ಪದ್ಯವನ್ನು ಓದಿಯೇ ಇರಲಿಲ್ಲ. ಭಾಗವತರು ಹಾಡಿ ಮುಗಿಸಿದ್ದಾರೆ ಎಂಬ ಭ್ರಮೆಯಲ್ಲಿ ನೇರವಾಗಿ ಅರ್ಥಕ್ಕೆ ಹಾರಿದ್ದೆ. ಎರಡು ವಾರ ಬೆವರು ಸುರಿಸಿ ಕನ್ನಡಕ್ಕೆ ತಂದ ಎಂಟು ಸಾಲುಗಳು ಅಲ್ಲೇ ಉಳಿದಿದ್ದವು. ಸಭೆಗೂ ಅದು ಆಗಲೇ ತಿಳಿದದ್ದು. ಮೊದಲು ಕಾರ್ಯದರ್ಶಿಗಳು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನನ್ನ ಮುಖ ಕೆಂಪಾಯಿತು. ಆದರೆ ಬಾಗಿಲ ಹತ್ತಿರ ಶಾರದಕ್ಕನೂ ನಗುತ್ತಿದ್ದರು. ಒಂದು ವರ್ಷದಿಂದ ನಾನು ಕಾಣದಿದ್ದ ನಗು ಅದು. ಇನ್ನೂ ಹತ್ತು ಸಲ ಇಂಥ ತಪ್ಪು ಮಾಡಲು ನಾನು ತಯಾರಿದ್ದೆ.

ಜಯಶ್ರೀ ಶ್ರುತಿ ಪೆಟ್ಟಿಗೆ ನಿಲ್ಲಿಸಿದಳು. ನಾನು ನೋಟ್‌ಬುಕ್ ಬಿಡಿಸಿ ಓದಿದೆ. ರಾಗವಿಲ್ಲ, ಕೈ ಬೀಸಿದ್ದಿಲ್ಲ, ಸಾಲಿನ ಕೊನೆಗೆ ನಿಂತು ನಿಂತು ಓದಿದೆ. ಅರ್ಧ ನಿಮಿಷವಾಗಿರಬೇಕು. ಕಿಟಕಿಯಿಂದ ಗಾಳಿ ಬರುವ ಸಾಲಿಗೆ ಪದ್ಯ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಯ ಕುರ್ಚಿಯಲ್ಲಿ ಶಾರದಕ್ಕ ಸೆರಗು ಸರಿಪಡಿಸಿಕೊಂಡರು. ಬೆನ್ನು ನೆಟ್ಟಗಾಯಿತು, ಬಲಗೈ ತೊಡೆಯ ಮೇಲೆ ಬಂತು. ಪಾತ್ರ ಹಿಡಿಯುವ ಮೊದಲು ಅವರು ಹಾಗೆ ಕೂರುವುದನ್ನು ನಮ್ಮ ತಂಡದ ಎಲ್ಲರೂ ನೂರು ಸಲ ಕಂಡಿದ್ದೇವೆ. ಜಯಶ್ರೀ ನನ್ನ ಕಡೆ ನೋಡಿದಳು. ನಾನು ಅಲುಗಾಡಲಿಲ್ಲ.

"ಬಟ್ಟಲು" ಎಂದರು ಶಾರದಕ್ಕ, ತಟ್ಟೆಗೆ ನಮ್ಮ ಕಡೆ ಹಾಗೇ ಹೇಳುವುದು. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ತುಟಿ ಎರಡು ಸಲ ತೆರೆದು ಮುಚ್ಚಿತು. ಇಡೀ ಸಭೆ ಕಾಯಿತು, ನಾನೂ ಕಾದೆ. ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ನಾನು ಯಾವತ್ತೂ ಕೂತವಳಲ್ಲ.

"ಬಟ್ಟಲು... ತೆಗಿಬೇಡಿ."

ಆಗ ನನಗೆ ಹೊಳೆಯಿತು. ನಲವತ್ತು ನಿಮಿಷ ನಾನು ಬಡಿಸುವವಳಾಗಿದ್ದೆ, ಅತ್ತೆಯಾಗಿದ್ದೆ, ಬಿರುಗಾಳಿಯೂ ಆಗಿದ್ದೆ. ಆ ತಟ್ಟೆ ಯಾರಿಗಾಗಿ ಇಟ್ಟದ್ದೋ ಅವರ ಪಾತ್ರ ಮಾತ್ರ ಖಾಲಿ ಉಳಿದಿತ್ತು. ಪದ್ಯದಲ್ಲಿ ಅವರಿಗೆ ಒಂದು ಸಾಲೂ ಇಲ್ಲ. ಶಾರದಕ್ಕ ಆ ಪಾತ್ರ ಹಿಡಿದು ಕೂತಿದ್ದರು. ಇಷ್ಟಕ್ಕೇ ಮುಗಿಯಿತೆಂದು ವಿನಯಾ ಕೊಡೆ ಎತ್ತಿಕೊಂಡಳು. ಶಾರದಕ್ಕ ಅವಳ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ನಮ್ಮ ತಂಡ ಕೂತಿದ್ದ ಮುಂದಿನ ಸಾಲನ್ನು ಒಬ್ಬೊಬ್ಬರಾಗಿ ನೋಡಿ, ಒಂದೊಂದೇ ಶಬ್ದವನ್ನು ಹುಡುಕಿ ತಂದು ಇಟ್ಟರು.

"ದಾರಿಯಲ್ಲಿ... ಇದ್ದೇನೆ. ನಿಧಾನ ಆಗ್ತದೆ. ಬರ್ತೇನೆ."